ಕಸೂತಿಯ ಕಸುಬು

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಹಳೆಯ ಮನೆತನಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಒಂದು ಕರಿಯ ಸೀರೆಯನ್ನು ಜೋಕೆಯಿಂದ ಮಡಿಚಿಟ್ಟಿರುವದು ಅಪರೂಪವಲ್ಲ. ಚಂದ್ರಕಾಳಿಯೆಂದು ಅದರ ಹೆಸರು. ಮದುವಣಗಿತ್ತಿಗೆಂದು ಸಿದ್ಧಗೊಳಿಸಿದ ಆ ಸೀರೆಯ ಸೆರಗಿನಲ್ಲಿ ಗೋಪುರ, ತೇರು, ಅಂಬಾರಿಯ ಆನೆ, ತುಲಸೀವೃಂದಾವನ, ನವಿಲು, ತೊಟ್ಟಿಲು ಮೊದಲಾದವುಗಳು ಬಣ್ಣದ ನೂಲಿನಲ್ಲಿ ಮೂಡಿರುವವು. ಇದೇ ಕಸೂತಿ. ಕೈ ಎಂಬ ಮಾತೂ ನೂಲಿನ ಅರ್ಥದ ಸೂತಿ ಎಂಬ ಮಾತೂ ಕೂಡಿ ಈ ಹೆಸರಾಯಿತೆಂದು ಹೇಳುವರು. ಸೀರೆಗೆ ಹಾಕಿದಂತೆಯೇ ಕೂಸಿನ ಕುಂಚಿಗೂ ಕುಲಾಯಿಗೂ ಹೆಂಗಸರು ಕಸೂತಿಯನ್ನು ಹಾಕುತ್ತಿದ್ದರು. ಹಾಕಿದವರು ಕೂಲಿಯನ್ನು ಕೇಳಲಿಲ್ಲ. ಉಟ್ಟವರು ಅದಕ್ಕೆ ತಗಲಿದ ತಾಸುಗಳನ್ನು ಎಣಿಸಲಿಲ್ಲ. ತಾಯಿ ಮಗಳಿಗೆ, ಅಜ್ಜಿ ಮೊಮ್ಮಗುವಿಗೆ ಮಾಡಿದ ಕೆಲಸಕ್ಕೆ ಲೆಕ್ಕವೆಲ್ಲಿಯದು? ಹೀಗೆ ಲೆಕ್ಕವಿಲ್ಲದೆ ಬೆಳೆದು ಬಂದ ಕಲೆಯೊಂದನ್ನು ಲೆಕ್ಕದ ಪುಸ್ತಕದೊಳಗೆ ತಂದು ಅದರಿಂದ ನಾಲ್ಕು ಮನೆಗಳ ಒಲೆಯನ್ನು ಉರಿಸಬಹುದೆ, ಉರಿಸಿದರೆ ಆ ಕಲೆಯ ಸತ್ಯವು ಉಳಿಯುವದೆ ಎಂಬುವದು ವಿಚಾರಕ್ಕೆ ಅರ್ಹವಾದ ಪ್ರಶ್ನೆಯಾಗಿದೆ. ಚಿತ್ರಕಲೆಯನ್ನು ಕಲಿತ ಒಬ್ಬ ತರುಣಿಯು ತನ್ನ ಬಾಳಿನಿಂದಲೇ ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ಆಕೆ ಧಾರವಾಡದ ಮಾಳಮಡ್ಡಿಯ ಒಂದು ಸಾಮಾನ್ಯ ಮನೆತನದವಳು. ತಂದೆಯವರು ಸಹಕಾರಿ ಪತ್ತಿನ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮಗಳ ಕೈಯಲ್ಲಿ ಗೆರೆಯು ಸಲೀಸಾಗಿ ಓಡುವದನ್ನು ಕಂಡು, ನೆಂಟರಿಷ್ಟರು ಬೇಡವೆಂದರೂ ಕೇಳದೆ ಆಕೆಯನ್ನು ಚಿತ್ರಕಲಾಶಾಲೆಗೆ ಹಾಕಿದರು. ಅಲ್ಲಿ ಆಕೆ ಇದ್ದಿಲು, ಜಲವರ್ಣ, ತೈಲವರ್ಣಗಳಲ್ಲಿ ಕೈಯನ್ನು ಪಳಗಿಸಿದಳು; ಅಜಂತೆಯ ಭಿತ್ತಿಚಿತ್ರಗಳಿಂದ ಹಿಡಿದು ಯುರೋಪದ ಹೊಸ ಪಂಥಗಳ ವರೆಗೆ ಕಲೆಯ ಇತಿಹಾಸವನ್ನು ಓದಿದಳು; 2013ರಲ್ಲಿ ಪದವಿಯನ್ನು ಪಡೆದಳು. ಆದರೆ ಎರಡು ವಿಷಯಗಳು ಆ ಪಾಠಪಟ್ಟಿಯಲ್ಲಿ ಇರಲಿಲ್ಲ. ತನ್ನ ಊರಿನ ಹೆಣ್ಣುಮಕ್ಕಳ ಕೈಯಲ್ಲಿದ್ದ ಚಿತ್ರಕಲೆಯು ಒಂದು. ಚಿತ್ರವನ್ನು ನಂಬಿ ಬದುಕುವದು ಹೇಗೆಂಬುವದು ಇನ್ನೊಂದು. ಚಿತ್ರಕಲಾ ಶಿಕ್ಷಕರ ಹುದ್ದೆಗಳು ಬೆರಳೆಣಿಕೆಯಷ್ಟು. ಅರ್ಜಿ ಹಾಕುವವರು ಬಹು ಜನ. ಎರಡು ವರ್ಷ ಆಕೆ ಬಾಲವಾಡಿಗಳ ಗೋಡೆಯ ಮೇಲೆ ಗಿಳಿ, ಮೊಲ, ಬಾಳೆಹಣ್ಣುಗಳನ್ನು ಬರೆದಳು. ಮದುವೆಯ ಮಂಟಪಗಳಿಗೆ ಪರದೆಗಳನ್ನು ಬಣ್ಣಿಸಿದಳು. ಕೈಗೆ ನಾಲ್ಕು ಕಾಸು ಬಂದವು. ಮನಸ್ಸಿಗೆ ಮಾತ್ರ ಏನೂ ಬರಲಿಲ್ಲ.

2015ರ ಬೇಸಗೆಯಲ್ಲಿ ಮನೆತನದಲ್ಲಿ ಒಂದು ಮದುವೆ ಗೊತ್ತಾಯಿತು. ಆ ನಿಮಿತ್ತವಾಗಿ ಸೋದರತ್ತೆಯವರು ತಮ್ಮ ಟ್ರಂಕನ್ನು ತೆರೆದು, ತಾವು ಐವತ್ತು ವರ್ಷಗಳ ಹಿಂದೆ ಉಟ್ಟ ಚಂದ್ರಕಾಳಿಯನ್ನು ಗಾಳಿಗೆ ಹರವಿದರು. ತರುಣಿಯು ಸೆರಗಿನ ಗೋಪುರಗಳನ್ನು ಹೊಗಳತೊಡಗಿದಳು. ಅತ್ತೆಯವರು ಸೀರೆಯನ್ನು ತಿರುವಿಹಾಕಿ, “ಮುಂದಿನ ಮಾರಿ ಎಲ್ಲಾರೂ ನೋಡತಾರ. ನೀ ಚಿತ್ರಾ ಕಲತಾಕಿ, ಹಿಂದಿನ ಮಾರಿ ನೋಡು” ಎಂದರು. ಆಕೆ ಬಗ್ಗಿ ನೋಡಿದಳು. ಗೋಪುರದ ಗೆರೆಗಳು ಹಿಂದೆಯೂ ಮುಂದಿನಂತೆಯೇ ಇದ್ದವು. ನೂಲು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುವದು ತಿಳಿಯಲಿಲ್ಲ. ಒಂದು ಗಂಟೂ ಕಣ್ಣಿಗೆ ಬೀಳಲಿಲ್ಲ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿಯು ಒಂದು ಎಣಿಕೆಯನ್ನು ಹಿಡಿದು ಒಂದನ್ನು ಬಿಡುತ್ತ ಮುಂದೆ ಹೋಗುವದು. ಅದೇ ದಾರಿಯಿಂದ ತಿರುಗಿ ಬರುವಾಗ ಬಿಟ್ಟುದನ್ನು ತುಂಬುತ್ತ ಬರುವದು. ಹೋಗುವಾಗ ಅರ್ಧ, ಬರುವಾಗ ಅರ್ಧ. ಎರಡೂ ಕೂಡಿದಾಗ ಬಟ್ಟೆಯ ಎರಡೂ ಬದಿಗೆ ಅಖಂಡವಾದ ಗೆರೆ. ಮುರಗಿಯೂ ಇದೇ ಜಾತಿಯದು, ಆದರೆ ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುವದು. ನೇಯ್ಗೆಯು ಹೆಸರಿಗೆ ತಕ್ಕಂತೆ, ಮಗ್ಗದ ಮೇಲೆಯೇ ನೆಯ್ದು ತೆಗೆದಂತೆ ತೋರುವದು. ಮೆಂತೆಯು ಮೆಂತೆಯ ಕಾಳಿನಂತೆ ಒತ್ತಾಗಿ ಕೂಡುವ ಅಡ್ಡಹೊಲಿಗೆ. ಚಿತ್ತಾರದ ಒಡಲನ್ನು ತುಂಬಲು ಅದು ಬೇಕು, ನೂಲೂ ಅದಕ್ಕೆ ಹೆಚ್ಚು ಬೇಕು. ಗವಂತಿಯಂಥ ಹೊಲಿಗೆಯು ಯುರೋಪದಲ್ಲಿಯೂ ಇದೆ. ಹಾನ್ಸ್ ಹೋಲ್ಬೈನ್ (1497–1543) ಎಂಬ ಚಿತ್ರಕಾರನು ಬರೆದ ಭಾವಚಿತ್ರಗಳಲ್ಲಿ ಅಂಗಿಯ ಕೊರಳಪಟ್ಟಿ, ತೋಳತುದಿಗಳ ಮೇಲೆ ಅದು ಕಾಣುವದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ. ಶಾಲೆಯಲ್ಲಿ ಆ ಭಾವಚಿತ್ರಗಳ ಪ್ರತಿಗಳನ್ನು ಆಕೆ ನೋಡಿದ್ದಳು. ಅದೇ ಹೊಲಿಗೆಯು ಸೋದರತ್ತೆಯ ಟ್ರಂಕಿನಲ್ಲಿದೆಯೆಂಬುವದನ್ನು ಮಾತ್ರ ಅರಿತಿರಲಿಲ್ಲ.

ಮದುವೆ ಮುಗಿದ ಮೇಲೆ ಆಕೆ ಅತ್ತೆಯವರ ಮುಂದೆ ಕಲಿಯಲು ಕುಳಿತಳು. ಮೊದಲ ಜಗಳವು ಸೀಸಕಡ್ಡಿಗಾಗಿ ಹುಟ್ಟಿತು. ಬಟ್ಟೆಯ ಮೇಲೆ ನಸುವಾಗಿ ಗೆರೆ ಎಳೆದುಕೊಂಡು ಅದರ ಮೇಲೆ ಹೊಲಿಯಬಾರದೇಕೆ ಎಂದು ಆಕೆಯ ವಾದ. ಗೆರೆ ಎಳೆದರೆ ಕಣ್ಣು ಎಣಿಸುವದನ್ನು ಬಿಡುವದು, ಎಣಿಕೆ ಬಿಟ್ಟರೆ ತಿರುಗಿ ಬರುವ ದಾರಿ ತಪ್ಪುವದು ಎಂದು ಅತ್ತೆಯವರ ಉತ್ತರ. “ಗೋಪುರ ಅರಿವಿ ಒಳಗನ ಅದ. ನೀ ಎಳಿ ಎಣಿಸಿ ಹೊರಗ ತೆಗಿ, ಅಷ್ಟ” ಎಂದು ಅವರು ಸೀಸಕಡ್ಡಿಯನ್ನು ಕಸಿದಿಟ್ಟುಕೊಂಡರು. ಐದು ವರ್ಷ ಗೆರೆಯನ್ನೇ ನಂಬಿದ ಕೈಗೆ ಎಣಿಕೆಯನ್ನು ನಂಬುವದನ್ನು ಕಲಿಸಲು ಒಂದು ಮಳೆಗಾಲವೇ ಹಿಡಿಯಿತು.

ಆದರೆ ಶಾಲೆಯ ವಿದ್ಯೆಯು ವ್ಯರ್ಥವಾಯಿತೆಂದಲ್ಲ. ಅತ್ತೆಯವರ ಮತ್ತು ಅವರ ಓರಗೆಯವರ ನೆನಪಿನಲ್ಲಿ ಮಾತ್ರ ಉಳಿದಿದ್ದ ಚಿತ್ತಾರಗಳನ್ನು ಆಕೆ ಚೌಕಳಿಯ ಕಾಗದದ ಮೇಲೆ ಒಂದೊಂದಾಗಿ ಬರೆದಿಟ್ಟಳು. ಒಂದೂವರೆ ವರ್ಷದಲ್ಲಿ ಅವು 112 ಆದವು. ಒಂದು ಇಂಚಿನಲ್ಲಿ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಸಮನಾಗಿರದಿದ್ದರೆ ಚೌಕವಾಗಬೇಕಾದ ವೃಂದಾವನವು ಕುಳ್ಳಾಗುವದು ಇಲ್ಲವೆ ನೀಳವಾಗುವದು. ಇದನ್ನು ಕಂಡುಕೊಂಡು, ಬಟ್ಟೆಯನ್ನು ಕೊಳ್ಳುವ ಮೊದಲು ಭೂತಗನ್ನಡಿಯಿಂದ ಎಳೆಗಳನ್ನು ಎಣಿಸುವ ರೂಢಿಯನ್ನು ಹಾಕಿಕೊಂಡಳು. ಎಳೆಯನ್ನು ಎಣಿಸಲು ಬಾರದ ನುಣುಪು ಬಟ್ಟೆಯ ಮೇಲೆ ಜಾಳಿಗೆಯ ಬಟ್ಟೆಯನ್ನು ಟಾಕಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕೊನೆಗೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಹೊಸ ಪದ್ಧತಿಯನ್ನೂ ಕಲಿತಳು. ಸೆರಗಿನ ಬಳಿ ದೊಡ್ಡ ಚಿತ್ತಾರ, ದೂರ ಸರಿದಂತೆ ಸಣ್ಣ ಚಿತ್ತಾರ ಎಂಬ ಹಿರಿಯರ ಕ್ರಮದಲ್ಲಿ ಎಂಥ ಚಿತ್ರಜ್ಞಾನವಿದೆಯೆಂಬುವದು ಆಕೆಗೆ ಹೊಳೆದುದು ಶಾಲೆಯ ಕಣ್ಣಿನಿಂದಲೇ.

2017ರ ದಸರೆಗೆ ಆಕೆ ಕಸುಬನ್ನು ಆರಂಭಿಸಿದಳು. ಗೋಡೆ ಬಣ್ಣಿಸಿ ಉಳಿಸಿದ 11,000 ರೂಪಾಯಿ, ತಂದೆಯವರು ಕೊಟ್ಟ 7,000 ರೂಪಾಯಿ, ಇಷ್ಟೇ ಬಂಡವಾಳ. ಅದರಲ್ಲಿ ನಾಲ್ಕು ಇಳಕಲ್ ಸೀರೆ, ಕೆಲವು ವಾರ ಬಟ್ಟೆ, ಸೂಜಿ, ನೂಲು ಬಂದವು. ಮೊದಲ ತಿಂಗಳ ಕೊನೆಗೆ ಕಿರ್ದಿಯನ್ನು ತಂದೆಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಪುಟವನ್ನು ನೋಡಿ, “ಅರಿವಿ ಬರದಿ, ನೂಲು ಬರದಿ, ಬಸ್ಸಿನ ರೊಕ್ಕಾನೂ ಬರದಿ. ತಾಸು ಎಲ್ಲೆ ಅವ ತಂಗೀ?” ಎಂದು ಕೇಳಿದರು. ಅಂದಿನಿಂದ ಗಡಿಯಾರವು ಆಕೆಯ ಸೂಜಿಯ ಸಂಗಾತಿಯಾಯಿತು. ಮೂರು ಇಂಚಿನ ವೃಂದಾವನಕ್ಕೆ ನಾಲ್ಕೂವರೆ ತಾಸು. ಸೆರಗು, ಅಂಚು, ಒಡಲ ಬುಟ್ಟಿಗಳೆಲ್ಲ ಕೂಡಿ ಒಂದು ಸೀರೆಗೆ 180 ತಾಸು. ತಾಸಿಗೆ 60 ರೂಪಾಯಿಯಂತೆ ಹಿಡಿದರೆ ಮಜೂರಿಯೇ 10,800, ಸೀರೆಗೆ 2,800, ನೂಲಿಗೆ 400, ಒಟ್ಟು 14,000. ಅದರ ಮೇಲೆ ಬಾಡಿಗೆ, ಓಡಾಟ, ಕೆಟ್ಟುಹೋದ ಮಾಲು ಇವುಗಳಿಗೆಂದು ನೂರಕ್ಕೆ 15 ಕೂಡಿಸಿದರೆ 16,100 ರೂಪಾಯಿ.

ಈ ಅಂಕಿಯನ್ನು ಕೇಳಿದ ಗಿರಾಕಿಗಳು ಬೆಚ್ಚಿದರು. ಪೇಟೆಯಲ್ಲಿ ಕಸೂತಿ ಸೀರೆಯೆಂದು ಕರೆಯಿಸಿಕೊಳ್ಳುವ ಯಂತ್ರದ ಮಾಲು ಎರಡೂವರೆ ಸಾವಿರಕ್ಕೆ ಸಿಕ್ಕುವಾಗ ಇದೆಂಥ ಬೆಲೆ ಎಂದು ಅವರ ಪ್ರಶ್ನೆ. ಅವರಾರೂ ಕೆಟ್ಟವರಲ್ಲ, ಬಡತನದವರೂ ಅಲ್ಲ. ಮನೆಯಲ್ಲಿ ಕೂಲಿಯಿಲ್ಲದೆ ನಡೆದ ಕೆಲಸವನ್ನೇ ಕಂಡು ಬೆಳೆದವರಿಗೆ ಅದರ ಬೆಲೆ ನೂಲಿನ ಬೆಲೆಯಷ್ಟೇ ಎಂದು ತೋರುವದು ಸಹಜ. ಪ್ರೀತಿಯಿಂದ ಮಾಡಿದ ಕೆಲಸವು ಪುಕ್ಕಟೆಯದೆಂಬ ಭಾವನೆಯು ಹೆಂಗಸರ ಎಲ್ಲ ಕಸುಬುಗಳಿಗೂ ತಲೆತಲಾಂತರದಿಂದ ಅಂಟಿಕೊಂಡು ಬಂದುದು.

ಈ ಭಾವನೆಯ ಫಲವು ಇನ್ನೊಂದು ಕಡೆಗೆ ಮತ್ತೂ ಕಠೋರವಾಗಿ ಕಾಣಿಸಿತು. ಹೊಸಯಲ್ಲಾಪುರದ ಓಣಿಗಳಲ್ಲಿ ಕಸೂತಿ ಬಲ್ಲ ಹೆಂಗಸರನ್ನು ಹುಡುಕುತ್ತ ಹೋದಾಗ ಐದು ಜನ ಸಿಕ್ಕಿದರು. ಅವರು ದಲಾಲಿಯೊಬ್ಬನಿಗೆ ಕೆಲಸ ಮಾಡುತ್ತಿದ್ದರು. ಅವನು ಚಿತ್ತಾರಕ್ಕಿಷ್ಟು ಎಂದು ಕೊಡುವವನು. ಮೂರು ಇಂಚಿನ ವೃಂದಾವನಕ್ಕೆ 90 ರೂಪಾಯಿ. ತಾಸಿನ ಲೆಕ್ಕಕ್ಕೆ ತಿರುಗಿಸಿದರೆ 20 ರೂಪಾಯಿ. ಅವರಿಗೆ ಈ ಲೆಕ್ಕವು ತಿಳಿದಿರಲಿಲ್ಲ. ಒಲೆಯ ಮೇಲಿನ ಅನ್ನ, ತೊಟ್ಟಿಲ ಕೂಸು, ನಳದ ನೀರು ಇವುಗಳ ನಡುವೆ ಚೂರುಚೂರಾಗಿ ಸಿಕ್ಕುವ ಹೊತ್ತನ್ನು ಯಾರು ಕೂಡಿಸಿ ನೋಡಿಯಾರು? ಆಕೆ ಒಂದು ನಿಯಮವನ್ನು ಮಾಡಿದಳು. ಹೊಸ ಚಿತ್ತಾರವು ಬಂದಾಗ ತಾನೊಮ್ಮೆ, ಅವರಲ್ಲಿ ಒಬ್ಬರೊಮ್ಮೆ ಗಡಿಯಾರವನ್ನಿಟ್ಟುಕೊಂಡು ಹಾಕಿ ನೋಡುವದು. ಎರಡರ ನಡುವಿನ ಪ್ರಮಾಣವನ್ನು ಎಲ್ಲರೆದುರಿಗೆ ಗೊತ್ತುಪಡಿಸುವದು. ತಾಸಿಗೆ 60ರಂತೆ ಕೊಡುವದು. ಮಾಲಿಗೆ ಕಟ್ಟುವ ಚೀಟಿಯ ಮೇಲೆ ಬೆಲೆಯೊಂದಿಗೆ ತಾಸುಗಳನ್ನೂ ಹಾಕಿದವರ ಹೆಸರನ್ನೂ ಬರೆಯುವದು. ತಮ್ಮ ಹೆಸರನ್ನು ಪಡಿತರ ಚೀಟಿಯ ಹೊರತು ಬೇರೆಲ್ಲಿಯೂ ಕಂಡರಿಯದ ಒಬ್ಬಾಕೆ ಆ ಚೀಟಿಯನ್ನು ತಿರುತಿರುಗಿ ನೋಡಿ, ಒಂದನ್ನು ಬೇಡಿ ಪಡೆದು ಮನೆಗೆ ಒಯ್ದಳು.

ಈ ಕಸುಬಿಗೆ ಒಂದು ಎಲ್ಲೆಯುಂಟು. ಅದನ್ನು ಸೂರ್ಯನೇ ಹಾಕಿಕೊಟ್ಟಿದ್ದಾನೆ. ಕರಿಯ ಬಟ್ಟೆಯ ಮೇಲೆ ಎಳೆಗಳನ್ನು ಎಣಿಸಲು ಹಗಲ ಬೆಳಕೇ ಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ನಡುಮನೆಗಳು ಮಧ್ಯಾಹ್ನಕ್ಕೇ ಕತ್ತಲಾಗುವವು. ನಾಲ್ವತ್ತು ದಾಟಿದವರಿಗೆ ಕನ್ನಡಕ ಬೇಕು. ದಿನಕ್ಕೆ ನಾಲ್ಕು ತಾಸು, ತಿಂಗಳಿಗೆ 22 ದಿನ. ಒಬ್ಬರಿಗೆ 88 ತಾಸು, ಐವರಿಗೆ 440. ಇದಕ್ಕಿಂತ ಹೆಚ್ಚಿಗೆ ಎಳೆದರೆ ಎಣಿಕೆ ತಪ್ಪುವದು, ಕಣ್ಣು ಕೆಡುವದು. ಬೇರೆ ವ್ಯಾಪಾರಗಳು ಬಂಡವಾಳದಿಂದ ಬೆಳೆಯುವವು; ಇದು ಮಾತ್ರ ಬೆಳೆದರೆ ಕೈಗಳಿಂದ ಬೆಳೆಯಬೇಕು, ಕೈ ತಯಾರಾಗಲು ವರ್ಷಗಟ್ಟಲೆ ಹಿಡಿಯುವದು.

2018ರ ಮಳೆಗಾಲದಲ್ಲಿ ಈ ಎಲ್ಲೆಯ ಪರೀಕ್ಷೆಯಾಯಿತು. ದೂರದ ಮಹಾನಗರದ ವ್ಯಾಪಾರಿಯೊಬ್ಬನು ಆಕೆಯ ಮಾಲನ್ನು ಮೆಚ್ಚಿ, ದೀಪಾವಳಿಯ ಮೊದಲು, ಎರಡು ತಿಂಗಳಲ್ಲಿ, 100 ಓಢಣಿಗಳು ಬೇಕೆಂದನು. ಓಢಣಿಯೊಂದಕ್ಕೆ ಅಂಚು, ಚಿತ್ತಾರಗಳೆಲ್ಲ ಕೂಡಿ 20 ತಾಸಿನ ಕೆಲಸ. ನೂರಕ್ಕೆ 2,000 ತಾಸು. ಐವರ ಕೈಯಲ್ಲಿ ಅದು ನಾಲ್ಕೂವರೆ ತಿಂಗಳ ಕೆಲಸವೆಂದು ಆಕೆ ತಿಳಿಸಿದಳು. ವ್ಯಾಪಾರಿಯು ಉಪಾಯವನ್ನೂ ತಂದಿದ್ದನು. ಅಂಚನ್ನು ಯಂತ್ರದಿಂದ ಹಾಕಿಸಿ ಕಳಿಸುವನು; ನಡುವಿನ ಚಿತ್ತಾರಗಳನ್ನಷ್ಟೇ ಕೈಯಿಂದ ಹಾಕಬೇಕು; ಅದು 8 ತಾಸಿನ ಕೆಲಸ. ಮಜೂರಿ ಓಢಣಿಗೆ 500 ರೂಪಾಯಿ. ಲೆಕ್ಕ ಹಾಕಿದರೆ ತಾಸಿಗೆ 60ಕ್ಕಿಂತ ತುಸು ಹೆಚ್ಚೇ ಆಯಿತು. ಕರಾರು ಒಂದೇ: ಚೀಟಿಯನ್ನು ಅವನು ಬರೆಯುವನು, ಅದರ ಮೇಲೆ ‘ಸಂಪೂರ್ಣ ಕೈಕಸೂತಿ’ ಎಂದಿರುವದು, ಹಾಕಿದವರ ಹೆಸರು ಇರುವದಿಲ್ಲ.

ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಈ ಹೆಸರನ್ನು ಬೇರೆಯವರು ಬೇರೆಯ ಮಾಲಿಗೆ ಹಚ್ಚಬಾರದೆಂಬುವದು ಅದರ ತಾತ್ಪರ್ಯ. ಆದರೆ ಕಾಗದದ ಮೇಲಿನ ಮಾನ್ಯತೆಯು ಅಂಗಡಿಯ ಗಾಜಿನ ಕಪಾಟಿನ ವರೆಗೆ ನಡೆದು ಬರಬೇಕಾದರೆ ಅದನ್ನು ಹೊತ್ತು ತರುವ ಮನುಷ್ಯರು ಬೇಕಲ್ಲವೆ? ಆಕೆಯ ಮನಸ್ಸು ಅಂದೇ ನಿಶ್ಚಯವಾಗಿತ್ತು. ಆದರೆ ನಿಶ್ಚಯಿಸುವ ಅಧಿಕಾರವು ತನ್ನೊಬ್ಬಳದೆ ಎಂಬ ಸಂದೇಹವೂ ಇತ್ತು. ಹಸಿವು ಐದು ಮನೆಗಳದು. ಆದುದರಿಂದ ಕಿರ್ದಿಯನ್ನು ಒಯ್ದು ಹೊಸಯಲ್ಲಾಪುರದ ಪಡಸಾಲೆಯೊಂದರಲ್ಲಿ ಎಲ್ಲರ ಮುಂದೆ ಬಿಚ್ಚಿಟ್ಟಳು.

“ಅಕ್ಕಾರ, ನಮಗ ರೊಕ್ಕ ಬರ್ತೈತಿ, ಅವಗ ಮಾಲು ಹೋಗ್ತೈತಿ. ಚೀಟಿ ಮ್ಯಾಲ ಬರದದ್ದು ಯಾರ ಓದ್ತಾರ?” ಎಂದಳು ಒಬ್ಬಾಕೆ. ಆಕೆ ಗಂಡನನ್ನು ಕಳೆದುಕೊಂಡವಳು. ಮಗನ ಕಾಲೇಜಿನ ಕಂತು ತುಂಬುವದಿತ್ತು. ಇನ್ನೊಬ್ಬಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಂತ್ರದ್ದನ್ನ ಯಂತ್ರದ್ದು ಅಂತನ ಬರದರ ಆಗೂದಿಲ್ಲೇನ? ಕೇಳಿ ನೋಡ್ರಿ” ಎಂದಳು. ಅದು ನ್ಯಾಯವಾದ ಮಾತು. ಯಂತ್ರದ ಅಂಚು ಪಾಪವಲ್ಲ, ಸುಳ್ಳು ಚೀಟಿಯೇ ಪಾಪ. ‘ಅಂಚು ಯಂತ್ರದ್ದು, ಚಿತ್ತಾರ ಕೈಯದು’ ಎಂದು ಬರೆಯುವದಾದರೆ ಅದೇ ದರಕ್ಕೆ ಕೆಲಸವನ್ನು ಒಪ್ಪುವೆವೆಂದು ಆಕೆ ವ್ಯಾಪಾರಿಗೆ ತಿಳಿಸಿದಳು. ಹಾಗೆ ಬರೆದರೆ ಮಾಲಿಗೆ ಬೆಲೆ ಬರುವದಿಲ್ಲವೆಂದು ಅವನು ಬೇರೆ ಕೈಗಳನ್ನು ಹುಡುಕಿಕೊಂಡನು. ಹೀಗೆ ಹುಡುಕಿಕೊಂಡ ಕೈಗಳಲ್ಲಿ ಆ ಕಾಲೇಜಿನ ಹುಡುಗನ ತಾಯಿಯವೂ ಇದ್ದವು. ಹೋಗುವಾಗ ಆಕೆ ತಾನಾಗಿಯೇ ಬಂದು, “ಸಿಟ್ಟಾಗಬ್ಯಾಡ್ರಿ ಅಕ್ಕಾರ” ಎಂದು ಹೇಳಿ ಹೋದಳು. ತರುಣಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗಲು ನ್ಯಾಯವೂ ಇರಲಿಲ್ಲ.

ಸಂಗತಿಯನ್ನು ಕೇಳಿ ಸೋದರತ್ತೆಯವರು ಹೊಗಳುವರೆಂದು ಆಕೆ ತಿಳಿದಿದ್ದರೆ ಅದೂ ಆಗಲಿಲ್ಲ. “ಸುಳ್ಳು ಬರೀಬಾರದು, ಖರೆ. ಆದರ ಉಳದವರ ಹೊಟ್ಟಿಗೆ ಈಗ ಏನ ಹಾಕತಿ?” ಎಂದು ಅವರು ಕೇಳಿದರು. ಆ ದೀಪಾವಳಿಗೆ ಆಕೆ ಮತ್ತೆ ಬಣ್ಣದ ಡಬ್ಬಿಯನ್ನು ಹಿಡಿದು ಎರಡು ಶಾಲೆಗಳ ಗೋಡೆಗಳನ್ನು ಬಣ್ಣಿಸಿದಳು. ಬಂದ ಹಣದಿಂದ ನಾಲ್ವರ ಕೈಗೂ ಕೆಲಸವನ್ನು ಕೊಟ್ಟಳು. ಸತ್ಯಕ್ಕೆ ತಗಲುವ ವೆಚ್ಚವನ್ನೂ ಕಿರ್ದಿಯಲ್ಲಿ ಬರೆಯಬೇಕಾಗುವದೆಂಬುವದು ಆಕೆಗೆ ಅಂದು ತಿಳಿಯಿತು.

ಅತ್ತೆಯವರ ಪ್ರಶ್ನೆಗೆ ಉತ್ತರವು ಶಾಲೆಯ ಹಳೆಯ ಪಾಠವೊಂದರಲ್ಲಿ ದೊರೆಯಿತು. ಇಂಗ್ಲೆಂಡದ ವಿಲಿಯಂ ಮಾರಿಸನ ಮಗಳು ಮೇ ಮಾರಿಸ್ (1862–1938) ಲಂಡನ್ನಿನ ದಕ್ಷಿಣ ಕೆನ್ಸಿಂಗ್ಟನ್ನಿನ ಕಲಾಶಾಲೆಯಲ್ಲಿ ಕಲಿತು, 1885ರಲ್ಲಿ, 23 ವರ್ಷದವಳಿರುವಾಗ, ತಂದೆಯ ವ್ಯಾಪಾರಸಂಸ್ಥೆಯ ಕಸೂತಿ ವಿಭಾಗದ ಭಾರವನ್ನು ಹೊತ್ತವಳು. ಅಲ್ಲಿಯೂ ಪೂರ್ಣ ಮಾಡಿದ ಕಸೂತಿಯು ಶ್ರೀಮಂತರಿಗೆ ಮಾತ್ರ ಕೈಗೆಟಕುವಂತಿತ್ತು. ಆದುದರಿಂದ ಆ ಸಂಸ್ಥೆಯು ಚಿತ್ತಾರವನ್ನು ಬಟ್ಟೆಯ ಮೇಲೆ ಬರೆದು, ಒಂದು ಮೂಲೆಯನ್ನು ತಾನೇ ಹೊಲಿದು ಆರಂಭಿಸಿ, ಉಳಿದುದನ್ನು ಕೊಂಡವರೇ ಮನೆಯಲ್ಲಿ ಮುಗಿಸುವಂತೆ ನೂಲಿನೊಡನೆ ಮಾರುತ್ತಿತ್ತು. ಪರೀಕ್ಷೆಗಾಗಿ ಓದಿದ ಈ ಸಂಗತಿಯು ಹೊಟ್ಟೆಯ ಪ್ರಶ್ನೆ ಬಂದಾಗ ಆಕೆಯ ನೆನಪಿಗೆ ಬಂದಿತು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ತಾರವನ್ನು ಬರೆಯುವಂತಿಲ್ಲ. ಆದರೆ ಗವಂತಿಗೆ ಹೋಗುವ ದಾರಿ, ಬರುವ ದಾರಿಯೆಂದು ಎರಡುಂಟು. 2019ರಲ್ಲಿ ಆಕೆ ಸಣ್ಣ ಪೊಟ್ಟಣಗಳನ್ನು ಸಿದ್ಧಮಾಡಿದಳು. ಎಳೆ ಎಣಿಸಲು ಬರುವ ಒಂದು ತುಂಡು ಬಟ್ಟೆ, ಸೂಜಿ, ನೂಲು, ಚೌಕಳಿಯ ನಕ್ಷೆ. ಬಟ್ಟೆಯ ಮೇಲೆ ಸಣ್ಣ ಗೋಪುರವೊಂದರ ಹೋಗುವ ದಾರಿಯನ್ನು ಹೊಸಯಲ್ಲಾಪುರದ ಕೈಗಳು ಹೊಲಿದಿರುವವು, ಬರುವ ದಾರಿಯನ್ನು ಕೊಂಡವರು ಹೊಲಿಯಬೇಕು. ಒಂದಕ್ಕೆ 40 ನಿಮಿಷದ ಕೆಲಸ, 40 ರೂಪಾಯಿ ಮಜೂರಿ, 350 ರೂಪಾಯಿ ಬೆಲೆ. ಇದರಲ್ಲಿ ದೊಡ್ಡ ಲಾಭವೇನೂ ಇರಲಿಲ್ಲ. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಪಿಡುಗಿನಿಂದ ದೇಶವೆಲ್ಲ ಬಾಗಿಲು ಹಾಕಿ ಕುಳಿತಾಗ, ಜಾತ್ರೆ, ಪ್ರದರ್ಶನ, ಮದುವೆಗಳೆಲ್ಲ ನಿಂತುಹೋದಾಗ, ಸೀರೆಯನ್ನು ಕೊಳ್ಳುವವರು ಒಬ್ಬರೂ ಉಳಿಯಲಿಲ್ಲ. ಬೇಸಗೆ ಕಳೆದು ಸಾಗಾಟವು ತಕ್ಕಮಟ್ಟಿಗೆ ಸರಿಹೋದೊಡನೆ ಈ ಪೊಟ್ಟಣಗಳು ಅಂಚೆಯ ಮೂಲಕ ಹೊರಟವು. ಮನೆಯಲ್ಲಿ ಕಟ್ಟಿಬಿದ್ದಂತೆ ಕುಳಿತ ಹೆಂಗಸರು, ಹುಡುಗಿಯರು, ಕೆಲವು ಕಡೆಗೆ ಗಂಡಸರು ಸಹ ಅವುಗಳನ್ನು ತರಿಸಿಕೊಂಡರು. ಆ ವರ್ಷ ನಾಲ್ಕು ಒಲೆಗಳನ್ನು ಉರಿಸಿದುದು ಸೀರೆಯಲ್ಲ, ಈ ಅರ್ಧ ಗೋಪುರಗಳು.

ಇದರಿಂದ ಆಕೆ ಎಣಿಸಿರದ ಇನ್ನೊಂದು ಫಲವು ಒದಗಿತು. ಬರುವ ದಾರಿಯನ್ನು ಹೊಲಿಯಲು ಕುಳಿತವರು ಎಳೆಯನ್ನು ತಪ್ಪಿದರು, ಬಿಚ್ಚಿದರು, ಮತ್ತೆ ಹೊಲಿದರು. ಎರಡು ಇಂಚಿನ ಗೋಪುರಕ್ಕೆ ಎರಡು ಸಂಜೆಗಳನ್ನು ಕಳೆದರು. ಅವರಲ್ಲಿ ಹಲವರು ಮುಂದೆ ಸೀರೆಯ ಬೆಲೆಯನ್ನು ಕೇಳಿದಾಗ ಬೆಚ್ಚಲಿಲ್ಲ. ಚೀಟಿಯ ಮೇಲಿನ 180 ತಾಸು ಎಂಬ ಅಂಕಿಯು ಅವರಿಗೆ ಬರಿಯ ಅಂಕಿಯಾಗಿ ಉಳಿದಿರಲಿಲ್ಲ. ತಮ್ಮ ಬೆರಳುಗಳು ಅದನ್ನು ಅರಿತಿದ್ದವು. ಬೆಲೆಯನ್ನು ಬಾಯಿಂದ ಸಮರ್ಥಿಸುವದಕ್ಕಿಂತ ಕೈಯಿಂದ ತಿಳಿಸುವದು ಮೇಲೆಂಬುವದನ್ನು ಆಕೆ ಹೀಗೆ ಕಲಿತಳು.

ಈಗ ಆಕೆಯೊಡನೆ ಏಳು ಜನ ಕೆಲಸ ಮಾಡುತ್ತಾರೆ. ಏಳರಿಂದ 88, ತಿಂಗಳಿಗೆ 616 ತಾಸು. ಆ ಎಲ್ಲೆಯನ್ನು ಆಕೆ ದಾಟಿಲ್ಲ, ದಾಟಬೇಕೆಂಬ ಹಂಬಲವೂ ಇಲ್ಲ. ಚಿತ್ರಕಲಾಶಾಲೆಯ ಒಡನಾಡಿಗಳಲ್ಲಿ ಕೆಲವರು ಮಹಾನಗರಗಳಲ್ಲಿ ಹೆಸರು ಮಾಡಿದ್ದಾರೆ. ಆಕೆಯ ಗಳಿಕೆಯು ಒಬ್ಬ ಶಿಕ್ಷಕರ ಪಗಾರಕ್ಕೆ ಸಮನಾಗುವದಿಲ್ಲ. ಆದರೆ ಕಿರ್ದಿಯ ಯಾವ ಪುಟವನ್ನು ಯಾರು ತೆರೆದು ನೋಡಿದರೂ ಅಲ್ಲಿ ಅರಿವೆ, ನೂಲುಗಳೊಡನೆ ತಾಸುಗಳೂ ಹೆಸರುಗಳೂ ಇರುವವು. ಸೋದರತ್ತೆಯವರಿಗೆ ಈಗ ಕಣ್ಣು ಸಾಲದು. ಆದರೂ ಹೊಸ ಮಾಲು ಮೊದಲು ಅವರ ಮುಂದೆಯೇ ಹೋಗಬೇಕು. ಅವರು ಬಟ್ಟೆಯನ್ನು ತಿರುವಿಹಾಕಿ ಹಿಂಬದಿಯ ಮೇಲೆ ಮೆಲ್ಲಗೆ ಬೆರಳಾಡಿಸುವರು. ಗಂಟು ಸಿಕ್ಕಿದರೆ ಬೆರಳು ಅಲ್ಲಿಯೇ ನಿಲ್ಲುವದು, ಮಾತಾಡಬೇಕಾಗುವದಿಲ್ಲ.

2022ರಲ್ಲಿ ಒಂದು ಸಲ ಆಕೆ ಬೇರೊಂದು ಊರಿನ ಅಂಗಡಿಯಲ್ಲಿ ಓಢಣಿಯೊಂದನ್ನು ಕಂಡು, ರೂಢಿಯಂತೆ ತಿರುವಿ ನೋಡಿದಳು. ಅಂಚಿನ ಹಿಂಬದಿಯಲ್ಲಿ ಯಂತ್ರದ ಕೆಳನೂಲು ಬಿಳಿದಾಗಿ ಓಡಿತ್ತು. ನಡುವಿನ ಚಿತ್ತಾರದಲ್ಲಿ ಮಾತ್ರ ಗಂಟಿರಲಿಲ್ಲ. ಮುರಗಿಯ ಮೆಟ್ಟಿಲು ಮೂಲೆಯಲ್ಲಿ ತಿರುಗಿದ ಬಗೆಯಿಂದ ಅದು ಯಾರ ಕೈಯೆಂಬುವದು ತಟ್ಟನೆ ತಿಳಿಯಿತು. ಕಾಲೇಜಿನ ಹುಡುಗನ ತಾಯಿಯು ಕಲಿತ ಶಿಸ್ತನ್ನು ಬಿಟ್ಟಿರಲಿಲ್ಲ. ಚೀಟಿಯ ಮೇಲೆ ‘ಸಂಪೂರ್ಣ ಕೈಕಸೂತಿ’ ಎಂದಿತ್ತು. ಹೆಸರಿಗೆ ಅಲ್ಲಿ ಸ್ಥಳವಿರಲಿಲ್ಲ. ಊರಿಗೆ ಬಂದ ಮೇಲೆ ಆಕೆ ಅವರ ಮನೆಗೆ ಹೋಗಿ, ಮುರಗಿಯು ಚೆನ್ನಾಗಿ ಬಂದಿದೆಯೆಂದು ಹೇಳಿ, ಚಹ ಕುಡಿದು ಬಂದಳು. ಬೇಕಾದಾಗ ಬರಬಹುದೆಂಬ ಮಾತನ್ನೂ ಆಡಿದಳು. ಅವರು ಇನ್ನೂ ಬಂದಿಲ್ಲ.

ಒಂದು ಕಸುಬು ಉಳಿಯುವದು ಮಾಡುವವರಿಂದ ಮಾತ್ರವಲ್ಲ, ಕೊಳ್ಳುವವರಿಂದಲೂ. ಬಟ್ಟೆಯನ್ನು ಕೊಳ್ಳುವಾಗ ತಿರುವಿ ನೋಡುವದು ಹಿಂದಿನ ಹೆಂಗಸರ ವಾಡಿಕೆಯಾಗಿತ್ತು. ಅದನ್ನು ಜಿಪುಣತನವೆಂದು ಸುಶಿಕ್ಷಿತರು ನಗುವದುಂಟು. ನಗಬೇಕಾಗಿಲ್ಲ. ತಿರುವಿ ನೋಡಲಿ, ಗಂಟಿದೆಯೆ ಎಂದು ಬೆರಳಾಡಿಸಲಿ, ಇದಕ್ಕೆ ಎಷ್ಟು ತಾಸು ಹಿಡಿಯಿತು, ಹಾಕಿದವರು ಯಾರು ಎಂದು ಅಂಗಡಿಯವನನ್ನು ಕೇಳಲಿ. ಅವನಿಗೆ ಉತ್ತರವು ತಿಳಿಯದಿದ್ದರೆ ಇನ್ನೊಂದು ಸಲ ಬಂದಾಗ ಮತ್ತೆ ಕೇಳಲಿ. ಪುನಃ ಪುನಃ ಕೇಳುವವರಿದ್ದರೆ ಅವನೂ ತನಗೆ ಮಾಲು ಕೊಟ್ಟವರನ್ನು ಕೇಳಬೇಕಾಗುವದು. ಹಾಗೆ ಕೇಳುತ್ತ ಹೋದ ಪ್ರಶ್ನೆಯು ಎಂದಾದರೂ ಒಂದು ದಿನ ಹೊಸಯಲ್ಲಾಪುರದಂಥ ಓಣಿಯೊಂದರ ಪಡಸಾಲೆಯನ್ನು ಮುಟ್ಟದೆ ಇರದು.